ಎಣ್ಣೆ ಹಚ್ಚುವ ಕೈ

ಚರ್ಮದ ಕಾಯಿಲೆಯವರು ತಾವಾಗಿ ಆಪ್ತಸಲಹೆಗೆ ಬರುವುದು ಕಡಿಮೆ. ಚರ್ಮವೈದ್ಯರು ಹೇಳಿ ಕಳುಹಿಸಿದರೆ ಬರುತ್ತಾರೆ, ಬಂದವರು ಮೊದಲ ಹತ್ತು ನಿಮಿಷ ಮದ್ದಿನ ಮಾತನ್ನೇ ಆಡುತ್ತಾರೆ. ಯಾವ ಸೊಪ್ಪು, ಯಾವ ಎಣ್ಣೆ, ಎಷ್ಟು ದಿನದ ಪಥ್ಯ, ಹೇಳಿದವರು ಯಾರು. ಮಂಡ್ಯದಲ್ಲಿ ನಾನು ವಾರಕ್ಕೆ ಎರಡು ದಿನ ಕೂರುವ ಕೋಣೆಯಲ್ಲಿ ಈ ಪಟ್ಟಿಯನ್ನು ಕೇಳದ ತಿಂಗಳಿಲ್ಲ. ನಿಜವಾದ ಮಾತು ಬರುವ ತನಕ ಕಾಯಬೇಕಾದ ಪೀಠಿಕೆ ಅದು ಎಂದು ಬಹಳ ಕಾಲ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ಕಲಿಸಿದ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮದ್ದೂರು ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು, ಒಬ್ಬ ಮಗ. ಹೆರಿಗೆಯ ಮರುವರ್ಷ ನೆತ್ತಿಯಲ್ಲಿ ಹೊಟ್ಟು ಕಾಣಿಸಿಕೊಂಡಿತು, ಆಮೇಲೆ ಮೊಣಕೈ, ಮೊಣಕಾಲು, ಸೊಂಟದ ಹಿಂಭಾಗ. ಊರಿನಲ್ಲಿ ಕೆಲವರು ಇಸಬು ಎಂದರು, ಕೆಲವರು ಹುಳುಕಡ್ಡಿ ಎಂದರು, ಒಬ್ಬರು ನಾಗದೋಷ ಎಂದರು. ಸೋರಿಯಾಸಿಸ್ ಎಂಬ ಹೆಸರು ಸಿಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಅಷ್ಟರಲ್ಲಿ ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಕಪಿಲೆಯಲ್ಲಿ ಮಿಂದು ಬಂದದ್ದಾಗಿತ್ತು. ಬದನೆಕಾಯಿ, ಮೀನು, ಹುಣಸೆಹುಳಿ ನಂಜೆಂದು ಬಿಟ್ಟದ್ದಾಗಿತ್ತು. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕ ಟ್ಯೂಬನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಬಿಟ್ಟದ್ದೂ ಆಗಿತ್ತು. ಮನೆಯಲ್ಲಿ ಯಾರೂ ಆಕೆಯನ್ನು ಬೈಯಲಿಲ್ಲ. ತಟ್ಟೆ ಬೇರೆಯಾಯಿತು, ಟವೆಲು ಬೇರೆಯಾಯಿತು, ಒಂದು ದಿನ ಗಂಡನ ಹಾಸಿಗೆ ಪಡಸಾಲೆಗೆ ಹೋಯಿತು.

ಸೋರಿಯಾಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ, ಕೂಡಿ ಮಲಗಿದರೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮವನ್ನು ಅವಸರಪಡಿಸುವುದರಿಂದ ಬರುವ ಕಾಯಿಲೆ ಇದು. 2014ರಲ್ಲಿ ವಿಶ್ವ ಆರೋಗ್ಯ ಸಭೆ ಇದರ ಬಗ್ಗೆ ನಿರ್ಣಯ ಮಾಡಿದಾಗ, ಇದು ಅಂಟುರೋಗವಲ್ಲ ಎಂಬುದನ್ನು ಮತ್ತೆ ಹೇಳಬೇಕಾಗಿ ಬಂತು. ನಮ್ಮ ಹಳ್ಳಿಗಳ ಪಡಸಾಲೆಗೆ ಆ ಮಾತು ಇನ್ನೂ ಬಂದಿಲ್ಲ.

ಆಕೆಯನ್ನು ನನ್ನ ಬಳಿಗೆ ಕಳುಹಿಸಿದ ಚರ್ಮವೈದ್ಯರು ಚೀಟಿಯಲ್ಲಿ ಬರೆದಿದ್ದ ಸಮಸ್ಯೆ ಒಂದೇ: ಹೇಳಿದ ಮಾತು ಕೇಳುತ್ತಿಲ್ಲ. ರಾತ್ರಿ ಹೊತ್ತು ಮನೆಯಲ್ಲಿ ಅತ್ತೆ ತೆಂಗಿನ ನಾರಿನಿಂದ ಹೊಪ್ಪಳೆಯನ್ನು ಉಜ್ಜಿ ತೆಗೆದು, ನಿಂಬೆರಸದಲ್ಲಿ ಅರೆದ ಬೆಳ್ಳುಳ್ಳಿಯನ್ನು ಹಚ್ಚುತ್ತಿದ್ದರು. ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ, ನಿಂಬೆರಸ ಮೇಲೆ ಕೆಣಕುತ್ತದೆ. ಸೋರಿಯಾಸಿಸ್‌ಗೆ ಇನ್ನೊಂದು ಕೆಟ್ಟ ಗುಣವಿದೆ. ಗಾಯವಾದ, ಗೀರಿದ, ಸುಟ್ಟ ಜಾಗದಲ್ಲೇ ಹೊಸ ಮಚ್ಚೆ ಏಳುತ್ತದೆ. 1870ರ ದಶಕದಲ್ಲಿ ಇದನ್ನು ಗುರುತಿಸಿ ವಿವರಿಸಿದ ಜರ್ಮನ್ ವೈದ್ಯ ಹೈನ್ರಿಕ್ ಕೋಬ್ನರ್ ಅವರ ಹೆಸರಿನಿಂದಲೇ ವೈದ್ಯರು ಇಂದಿಗೂ ಇದನ್ನು ಕರೆಯುತ್ತಾರೆ. ಆಕೆಯ ಮುಂಗೈಯಲ್ಲಿ ಅದು ಕಣ್ಣಿಗೆ ಕಟ್ಟುವಂತಿತ್ತು. ಬೆಳ್ಳುಳ್ಳಿ ಎಳೆದ ಬೆರಳಿನ ಅಗಲಕ್ಕೆ ಸರಿಯಾಗಿ ಮೂರು ಪಟ್ಟೆ, ಪಟ್ಟೆಯ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು. ಕಾಯಿಲೆಯನ್ನು ಸುಡಲು ಹಚ್ಚಿದ ಮದ್ದು ಕಾಯಿಲೆಗೆ ಹೊಸ ಜಾಗ ಮಾಡಿಕೊಡುತ್ತಿತ್ತು. ವೈದ್ಯರು ಎರಡು ಸಲ ಬಿಡಿಸಿ ಹೇಳಿದ್ದರು. ಆಕೆ ಎರಡು ಸಲವೂ ತಲೆಯಾಡಿಸಿ, ಮನೆಗೆ ಹೋಗಿ ಮತ್ತೆ ಹಚ್ಚಿಸಿಕೊಂಡಿದ್ದಳು.

ಮೊದಲ ಎರಡು ಭೇಟಿಗಳಲ್ಲಿ ನಾನೂ ಅದೇ ತಪ್ಪು ಮಾಡಿದೆ. ಅತ್ತೆಯ ಹೆದರಿಕೆಯಿಂದ ಬಿಡಲಾಗುತ್ತಿಲ್ಲ ಎಂದುಕೊಂಡು, ಇಲ್ಲ ಎನ್ನುವ ಧೈರ್ಯ ಕಲಿಸಲು ಹೊರಟೆ. ಅತ್ತೆಯಂದಿರ ಬಗ್ಗೆ ನನ್ನ ಕಸುಬು ನನ್ನಲ್ಲಿ ಬೆಳೆಸಿದ್ದ ಪೂರ್ವಗ್ರಹ ಅದು.

ಮೂರನೆಯ ಭೇಟಿ ಏಪ್ರಿಲ್ ತಿಂಗಳಲ್ಲಿ. ಹೊರಗೆ ಕಾದ ಬಾಣಲೆಯಂಥ ಬಿಸಿಲು, ಆಕೆ ಮಣಿಕಟ್ಟು ಮುಚ್ಚುವ ತೋಳಿನ ರವಿಕೆ ತೊಟ್ಟು ಬಂದಿದ್ದಳು. ಆ ದಿನ ಏಕೆ ಎಂದು ಕೇಳುವುದನ್ನು ಬಿಟ್ಟು, ರಾತ್ರಿ ಮದ್ದು ಹಚ್ಚುವುದನ್ನು ಮೊದಲಿನಿಂದ ಕೊನೆಯ ತನಕ ಹೇಳಲು ಕೇಳಿದೆ.

ಆಕೆ ಹೇಳಿದಳು. ಊಟವಾಗಿ ಪಾತ್ರೆ ತೊಳೆದು, ಮಗ ಮಲಗಿದ ಮೇಲೆ ಅತ್ತೆ ಅಡುಗೆಮನೆಯಿಂದ ‘ಬಾರವ್ವ’ ಎಂದು ಕರೆಯುತ್ತಾರೆ. ಮಣೆಯ ಮೇಲೆ ಇವಳು ಕೂರಬೇಕು, ಹಿಂದೆ ಗೋಡೆಗೆ ಒರಗಿ ಅತ್ತೆ ಕೂರುತ್ತಾರೆ. ಮೊದಲು ಜಡೆ ಬಿಚ್ಚಿ ನೆತ್ತಿ ನೋಡುತ್ತಾರೆ. ಆಮೇಲೆ ಮೊಣಕೈಯನ್ನು ಎಡ ಅಂಗೈಯಲ್ಲಿ, ಕೂಸಿನ ತಲೆ ಹಿಡಿದ ಹಾಗೆ, ಆನಿಸಿ ಹಿಡಿದುಕೊಂಡು ಬಲಗೈಯಿಂದ ಹಚ್ಚುತ್ತಾರೆ. ಹಚ್ಚುತ್ತಾ ಗದ್ದೆಯ ಮಾತು, ನಾಲೆಗೆ ನೀರು ಬಿಟ್ಟ ಮಾತು, ಸತ್ತು ಹೋದ ತಮ್ಮ ಅಕ್ಕನ ಮಾತು. ಬೆಳ್ಳುಳ್ಳಿಯಿಂದ ಅತ್ತೆಯ ಬೆರಳ ತುದಿಗಳೂ ಸುಲಿದಿದ್ದವಂತೆ.

‘ಉರಿಯುತ್ತದೆ ಎಂದು ಅತ್ತೆಗೆ ಗೊತ್ತೇ?’ ಎಂದು ಕೇಳಿದೆ.

‘ಗೊತ್ತು ಮೇಡಂ. ಉರಿಯುವಲ್ಲಿ ಊದುತ್ತಾರೆ.’

ಆಮೇಲೆ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಸೆರಗಿನ ಅಂಚನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದಳು. ಕೊನೆಗೆ ಕೇಳದೆಯೇ ಹೇಳತೊಡಗಿದಳು. ಗಂಡ ಕೈ ಮುಟ್ಟದೆ ಎರಡು ವರ್ಷವಾಯಿತು. ಯಾರೋ ಏನೋ ಹೇಳಿ, ಮಗನೂ ಅಜ್ಜಿಯ ಪಕ್ಕ ಮಲಗುತ್ತಾನೆ. ದರ್ಜಿ ಅಳತೆ ತೆಗೆದುಕೊಳ್ಳದೆ ಹಳೆಯ ರವಿಕೆ ಕಳುಹಿಸಿ ಎಂದ. ಹೋದ ಗೌರಿ ಹಬ್ಬಕ್ಕೆ ಬಂದ ಬಳೆಗಾರ್ತಿ ಕೇರಿಯ ಎಲ್ಲ ಹೆಂಗಸರ ಕೈ ಹಿಡಿದು, ಒತ್ತಿ, ಬಳೆ ತೊಡಿಸಿದಳು. ಇವಳ ಸರದಿ ಬಂದಾಗ ಬಳೆಗಳನ್ನು ಮೊರದಲ್ಲಿ ಇಟ್ಟು, ‘ನೀನೇ ಇಟ್ಟುಕೊಳ್ಳವ್ವ’ ಎಂದಳು.

‘ಮದ್ದು ಬಿಟ್ಟುಬಿಟ್ಟರೆ ನನ್ನ ಮೈ ಮುಟ್ಟುವವರು ಇನ್ನು ಯಾರಿದ್ದಾರೆ, ಮೇಡಂ?’

ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಆ ಪ್ರಶ್ನೆಗೆ ಅಲ್ಲೇ ಕೊಡಬಹುದಾದ ಉತ್ತರ ನನ್ನಲ್ಲಿರಲಿಲ್ಲ. ವೈದ್ಯರು ಮತ್ತು ನಾನು ಸೇರಿ ಬಿಡಿಸಲು ಹೊರಟಿದ್ದದ್ದು ಬೆಳ್ಳುಳ್ಳಿಯನ್ನು. ಆಕೆಯ ಕಿವಿಗೆ ಬಿದ್ದದ್ದು ಆ ಕೈಯನ್ನು ಬಿಡು ಎಂದು. ತಲೆಯಾಡಿಸಿ ಹೋಗಿ ಮತ್ತೆ ಹಚ್ಚಿಸಿಕೊಳ್ಳದೆ ಇನ್ನೇನು ಮಾಡಿಯಾಳು?

ಮುಂದಿನ ವಾರ ಅತ್ತೆಯನ್ನು ಕರೆಸಿದೆ. ಸ್ಟೀಲ್ ಡಬ್ಬಿಯಲ್ಲಿ ಅರೆದ ಮದ್ದನ್ನು ತೋರಿಸಲೆಂದೇ ತಂದಿದ್ದರು. ‘ಉರಿದರೆ ತಾನೇ ಅವ್ವ, ನಂಜು ಸುಡುವುದು’ ಎಂದರು. ಅವರ ಬೆರಳುಗಳನ್ನು ನೋಡಿದೆ. ನಿಜವಾಗಿಯೂ ಸುಲಿದಿದ್ದವು. ಗದ್ದೆ ಕೆಲಸ ಬಲ್ಲವರಿಗೆ ಗದ್ದೆಯ ಮಾತಿನಲ್ಲೇ ಹೇಳಿದೆ: ‘ನಮ್ಮ ಚರ್ಮದ ಕೆಳಗೆ ಹುಟ್ಟಿದ ಕಣ ಬಲಿತು ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ನಿಮ್ಮ ಸೊಸೆಯ ಮೈಯಲ್ಲಿ ಅದು ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ. ಹಾಲುಗಾಳು ಇರುವಾಗಲೇ ಕೊಯ್ದು ರಾಶಿ ಹಾಕಿದ ಹಾಗೆ. ಆ ರಾಶಿಯೇ ಈ ಹೊಟ್ಟು. ಕೆರೆದು ಸುಟ್ಟಷ್ಟೂ ಇನ್ನೂ ಅವಸರದಲ್ಲಿ ಬರುತ್ತದೆ.’ ಅವರು ಸುಮ್ಮನೆ ಕೇಳಿದರು. ‘ಹಾಗಾದರೆ ನಾನು ಹಚ್ಚಬಾರದೇ?’ ಎಂದಾಗ ಮಾತ್ರ ದನಿ ಅದುರಿತು.

‘ದಿನವೂ ಹಚ್ಚಬೇಕು. ಒಂದು ದಿನವೂ ತಪ್ಪಿಸಬಾರದು. ಹಚ್ಚುವ ವಸ್ತು ಮಾತ್ರ ಬೇರೆ’ ಎಂದೆ.

ವೈದ್ಯರೊಡನೆ ಕೂತು ಗೊತ್ತುಮಾಡಿದ ಸಲಹೆ ಹೀಗಿತ್ತು. ಹೊತ್ತು ಅದೇ, ಮಣೆ ಅದೇ, ಕೈ ಅದೇ. ಅದಕ್ಕೆ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಯುವ ಸ್ನಾನ. ಹಂಡೆಯ ಸುಡುನೀರು ಬೇಡ, ಅದು ಚರ್ಮದ ಜಿಡ್ಡನ್ನು ತೊಳೆದು ಒಣಗಿಸುತ್ತದೆ. ಸೋಪು ಕೆರಳಿಸಿದರೆ ವಸ್ತ್ರದಲ್ಲಿ ಜರಡಿ ಹಿಡಿದ ಹೆಸರುಹಿಟ್ಟು ಸಾಕು, ಉಜ್ಜುವಂತಿಲ್ಲ. ಮೆತ್ತಗಿನ ಬಟ್ಟೆಯಿಂದ ಒತ್ತಿ ನೀರಾರಿಸಿ, ಮೈ ಇನ್ನೂ ತೇವವಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ಕೊಬ್ಬರಿ ಎಣ್ಣೆ. ಒಳಗಿನ ನೀರು ಆರಿಹೋಗದಂತೆ ಎಣ್ಣೆ ಮುಚ್ಚಳ ಹಾಕುತ್ತದೆ, ಹೊಟ್ಟು ಮೆತ್ತಗಾಗಿ ತಾನೇ ಬಿಡುತ್ತದೆ. ವೈದ್ಯರು ಕೊಟ್ಟ ಮುಲಾಮು ಮಚ್ಚೆಗಳ ಮೇಲೆ, ಅವರು ಹೇಳಿದ ಹೊತ್ತಿನಲ್ಲಿ, ಅವರು ಹೇಳಿದಷ್ಟು ದಿನ. ನಾರನ್ನು ಒಲೆಗೆ ಹಾಕಿಬಿಡಿ ಎಂದೆ. ಎಣ್ಣೆ ಕುಡಿದ ಸೀರೆಯಲ್ಲಿ ಒಲೆಯ ಮುಂದೆ ಕೂರಬೇಡಿ ಎಂದೂ ಹೇಳಿದೆ. ಅಂಥ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಇದನ್ನು ಯಾರೂ ಹೇಳುವುದಿಲ್ಲ.

ಅತ್ತೆಗೆ ನಿರಾಸೆಯಾಯಿತು. ‘ಬರೀ ಕೊಬ್ಬರಿ ಎಣ್ಣೆಯೇ?’ ಉರಿಯದ ಮದ್ದು ಅವರಿಗೆ ಮದ್ದಾಗಿ ಕಾಣಲಿಲ್ಲ. ಸ್ವಲ್ಪ ಯೋಚಿಸಿ, ತಮ್ಮ ತವರಿನ ಕಡೆ ಆಲೆ ಮರದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗೆ ಇಡುತ್ತಿದ್ದರು, ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದಾದರೂ ಹಚ್ಚಬಹುದೇ ಎಂದರು. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುತ್ತಿದ್ದ ಮರ ಅದೇ. ಅದರ ಎಲೆಯ ಎಣ್ಣೆಯನ್ನು ತಮಿಳುನಾಡಿನ ಸಿದ್ಧ ವೈದ್ಯಪದ್ಧತಿಯಲ್ಲಿ ಈ ಕಾಯಿಲೆಗೆ ಬಳಸುತ್ತಾರೆ. ವೈದ್ಯರಿಗೆ ತೋರಿಸಿ, ಮುಂಗೈಯ ಒಳಬದಿಯಲ್ಲಿ ಒಂದು ಕಾಸಿನಗಲ ಹಚ್ಚಿ ಎರಡು ದಿನ ನೋಡಿ ಎಂದೆ. ಕೆರಳಲಿಲ್ಲ. ಮುಲಾಮಿನ ಜೊತೆಗೆ ಮೊಣಕಾಲಿಗೆ ಹಚ್ಚಲು ವೈದ್ಯರು ಒಪ್ಪಿದರು. ಅದರಿಂದಲೇ ಗುಣವಾಯಿತು ಎಂದು ನಾನು ಬರೆಯುವುದಿಲ್ಲ. ಸೋರಿಯಾಸಿಸ್ ತಾನಾಗಿ ಇಳಿಯುತ್ತದೆ, ತಾನಾಗಿ ಏರುತ್ತದೆ. ಇಳಿದ ತಿಂಗಳು ಯಾವ ಮದ್ದು ನಡೆಯುತ್ತಿತ್ತೋ ಅದಕ್ಕೆ ಹೆಸರು ಬರುತ್ತದೆ. ನಮ್ಮೂರುಗಳಲ್ಲಿ ಮದ್ದುಗಳ ಪಟ್ಟಿ ಇಷ್ಟುದ್ದ ಬೆಳೆದಿರುವುದು ಹಾಗೆಯೇ.

ಮೈಸೂರಿನಲ್ಲಿ ಒಬ್ಬ ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವರು ಮುಖ ಗಂಟಿಕ್ಕಿದರು. ಆಪ್ತಸಲಹೆಗಾರರೇ ಮನೆಮದ್ದಿಗೆ ಒಪ್ಪಿಗೆಯ ಮುದ್ರೆ ಒತ್ತಿದರೆ ನಾಳೆ ಆ ಮನೆಯವರು ಆಸ್ಪತ್ರೆಯನ್ನೇ ಬಿಡುತ್ತಾರೆ ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಪೊಟ್ಟಣದ ಮೇಲೆ ಹೆಸರಿಲ್ಲದ, ಒಳಗೇನಿದೆ ಎಂದು ಬರೆಯದ ಪುಡಿ ತಿಂದು ಹದಿನೈದು ದಿನಕ್ಕೆ ಮೈ ಬೆಳಗಿ, ಬಿಟ್ಟ ಕೂಡಲೇ ಅಂಗಾಲಿನಿಂದ ನೆತ್ತಿಯ ತನಕ ಕೆಂಪಾಗಿ ಆಸ್ಪತ್ರೆ ಸೇರಿದವರನ್ನು ನಾನು ಕಂಡಿದ್ದೇನೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು, ಸೀಸ ಪಾದರಸಗಳಿರಬಹುದು. ಅಲ್ಲಿ ನನ್ನ ಮಾತು ಕಡ್ಡಿ ಮುರಿದಂತೆ: ಅದು ಮನೆಯೊಳಗೆ ಬರಕೂಡದು. ಟ್ಯೂಬಾಗಲಿ ಮಾತ್ರೆಯಾಗಲಿ, ಸ್ಟೀರಾಯ್ಡನ್ನು ಈಗಾಗಲೇ ಬಳಸುತ್ತಿರುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಬಿಡಲೂ ಕೂಡದು. ಆದರೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬಿಡಿ ಎಂದರೆ, ಬಿಡದೆ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮದ್ದಿನಷ್ಟು ಅಪಾಯ ಇನ್ನಾವುದೂ ಇಲ್ಲ. ಆಕೆ ಎರಡು ಬಾರಿ ತಲೆಯಾಡಿಸಿದ್ದೇ ಸಾಕ್ಷಿ. ನನ್ನ ಕೋಣೆಯಲ್ಲಿ ಡಬ್ಬಿಯನ್ನು ತೆರೆದು ತೋರಿಸುವಷ್ಟು ನಂಬಿಕೆ ಹುಟ್ಟಿದ್ದರಿಂದಲೇ ಬೆಳ್ಳುಳ್ಳಿ ನಿಂತಿತು. ಈ ಸಲಹೆಯನ್ನು ಮತ್ತೆ ಕೊಡಬೇಕಾದರೂ ಹೀಗೆಯೇ ಕೊಡುತ್ತೇನೆ.

ಇದನ್ನು ಓದುತ್ತಿರುವ ಮನೆಯವರಲ್ಲಿ, ಮುಖ್ಯವಾಗಿ ಗಂಡಂದಿರಲ್ಲಿ, ನನ್ನದೊಂದು ಬೇಡಿಕೆಯಿದೆ. ಮದ್ದು ಹುಡುಕಿ ಮೈಲಿಗಟ್ಟಲೆ ಹೋಗುತ್ತೀರಿ, ಮೊಬೈಲಿನಲ್ಲಿ ಬಂದ ಪ್ರತಿಯೊಂದು ಸಲಹೆಯನ್ನೂ ಕಾಯಿಲೆಯವರಿಗೆ ಕಳುಹಿಸುತ್ತೀರಿ. ಬೆನ್ನಿಗೆ ಅವರ ಕೈ ಎಟಕುವುದಿಲ್ಲ. ಅಲ್ಲಿ ಎಣ್ಣೆ ಹಚ್ಚಿ.

ಈ ಮನೆಯ ಗಂಡ ಒಂದೇ ಸಲ ಬಂದದ್ದು. ಅಂಟುವುದಿಲ್ಲ ಎಂದು ವೈದ್ಯರ ಬಾಯಿಂದಲೇ ಹೇಳಿಸಿದೆ, ಹೂಂ ಎಂದರು, ಮುಂದಿನ ಭೇಟಿಗೆ ಬರಲಿಲ್ಲ. ಹಾಸಿಗೆ ಇನ್ನೂ ಪಡಸಾಲೆಯಲ್ಲಿದೆ. ಮಗ ಮಾತ್ರ ಅಮ್ಮನ ಪಕ್ಕಕ್ಕೆ ಮರಳಿದ್ದಾನೆ, ಕೆಲವು ರಾತ್ರಿ ಎಣ್ಣೆಯ ಬಟ್ಟಲು ಹಿಡಿದು ಕೂರುತ್ತಾನಂತೆ. ಮುಂಗೈಯ ಮೂರು ಪಟ್ಟೆಗಳು ಮಸುಕಾಗಿವೆ. ಮೊಣಕಾಲಿನದು ಚಳಿಗಾಲಕ್ಕೆ ಮತ್ತೆ ಎದ್ದಿತು.

ಸಂಕ್ರಾಂತಿ ಕಳೆದ ವಾರ ಅತ್ತೆ ಒಬ್ಬರೇ ಬಸ್ ಹತ್ತಿ ಬಂದಿದ್ದರು. ಎಣ್ಣೆ ತಿಕ್ಕುವಾಗ ಸೊಸೆಯ ಬಲಗೈಯ ನಡುಬೆರಳು ಬುಡದಿಂದ ತುದಿಯ ತನಕ ದಪ್ಪಗಾಗಿ, ಮುಟ್ಟಿದರೆ ಬೆಚ್ಚಗಿದೆ ಎಂದರು. ಸೊಸೆ ಅದನ್ನು ಯಾರಿಗೂ ಹೇಳಿರಲಿಲ್ಲ, ರಾಗಿ ಮುದ್ದೆ ತಿರುವಿ ನೋವಾಗಿದೆ ಎಂದುಕೊಂಡಿದ್ದಳು. ಸೋರಿಯಾಸಿಸ್ ಇರುವವರಲ್ಲಿ ಕೆಲವರಿಗೆ ಕೀಲುಗಳಿಗೂ ಉರಿಯೂತ ಬರುತ್ತದೆ, ತಡವಾದರೆ ಬೆರಳು ಸೊಟ್ಟಗಾಗಿ ಹಾಗೆಯೇ ನಿಂತುಬಿಡಬಹುದು. ಅಂದೇ ವೈದ್ಯರಿಗೆ ಫೋನ್ ಮಾಡಿದೆ. ಮಾರನೆಯ ದಿನ ಅತ್ತೆಯೇ ಆಕೆಯನ್ನು ಕರೆತಂದರು. ಹೊರಗಿನ ಬೆಂಚಿನ ಮೇಲೆ ಸರದಿಗೆ ಕಾಯುವಷ್ಟು ಹೊತ್ತೂ ಆ ಬೆರಳನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಿದ್ದರು.