ಪ್ಯಾಥಾಲಜಿ ಮುಗಿಸಿ ಅಮೆರಿಕಕ್ಕೆ ಬರ್ತೀನಿ ಅಂದವರಿಗೆ

ಬೆಂಗಳೂರಲ್ಲಿ ಎಂ.ಡಿ. ಪ್ಯಾಥಾಲಜಿ ಮುಗೀತಾ ಬಂತು, ಲಿಂಫೋಮಾ (ದುಗ್ಧಕೋಶಗಳ ಕ್ಯಾನ್ಸರ್) ಮತ್ತು ಅಮೈಲಾಯ್ಡೋಸಿಸ್‌ನಲ್ಲಿ (ಅಮೈಲಾಯ್ಡ್ ಅನ್ನೋ ಕೆಟ್ಟ ಪ್ರೋಟೀನ್ ಅಂಗಗಳಲ್ಲಿ ಕೂರೋ ಕಾಯಿಲೆ) ರಿಸರ್ಚ್ ಮಾಡೋ ಆಸೆ, ರಿಸರ್ಚ್ ಫೆಲೋ ಆಗಿ ಬರೋದಾ, ಪರೀಕ್ಷೆ ಬರೆದು ರೆಸಿಡೆನ್ಸಿಗೆ (ಇಲ್ಲಿನ ಆಸ್ಪತ್ರೆ ತರಬೇತಿಗೆ) ಬರೋದಾ, ಊಟ-ಮನೆ ಹೇಗೆ, ಅಪ್ಪ-ಅಮ್ಮನ್ನ ಕರೆಸಿಕೊಳ್ಳೋಕೆ ಆಗುತ್ತಾ ಅಂತ ಒಂದೇ ಉಸಿರಲ್ಲಿ ಕೇಳಿದ್ದೀರಿ. ಅಕ್ಕಾ ಅಂತ ಬೇರೆ ಕರೆದಿದ್ದೀರಿ. ಹಾಗಾದ್ರೆ ಅಕ್ಕನ ಥರಾನೇ ಸ್ವಲ್ಪ ಗದರಿಸಿಯೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಊಟದ ಚಿಂತೆ ಬಿಡಿ. ಹುರಿಗಡಲೆಯಿಂದ ಹಿಡಿದು ಸಾರಿನ ಪುಡಿವರೆಗೆ ಎಲ್ಲ ಸಿಗುತ್ತೆ. ಅವರೆಕಾಳು ಮಾತ್ರ ಫ್ರೋಜನ್, ಆ ಸೊಗಡು ಇಲ್ಲ. ಬಾಡಿಗೆ ಊರಿಂದೂರಿಗೆ ಬೇರೆ, ನಾನು ಹೇಳಿ ಪ್ರಯೋಜನ ಇಲ್ಲ. ಕಾರು ಓಡಿಸೋಕೆ ಬರಬೇಕು, ಆದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಮರೀಬೇಕು.

ದಾರಿಯ ವಿಷಯ. ರಿಸರ್ಚ್ ಫೆಲೋ ಆಗಿ ಬೇಗ ಬರಬಹುದು, ನಿಜ. ಆದ್ರೆ ನಿಮ್ಮ ಎಂ.ಡಿ. ಇಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರಲ್ಲ, ರಿಪೋರ್ಟಿಗೆ ಸಹಿ ಹಾಕೋ ಹಾಗಿಲ್ಲ. ಸಹಿ ಇಲ್ಲದ ಪ್ಯಾಥಾಲಜಿಸ್ಟ್‌ಗೆ ಕೇಸಿನ ಮೇಲೆ ಹಿಡಿತ ಇರಲ್ಲ, ಬೇರೆಯವರು ಆರಿಸಿ ಕೊಟ್ಟ ಸ್ಲೈಡ್ ನೋಡ್ತಾ ಕೂರಬೇಕು. ಇಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಯು.ಎಸ್.ಎಂ.ಎಲ್.ಇ. ಬರೆದು ರೆಸಿಡೆನ್ಸಿಗೇ ಬನ್ನಿ. ಅನಾಟಮಿಕ್ (ಅಂಗಾಂಶ ನೋಡೋದು), ಕ್ಲಿನಿಕಲ್ (ರಕ್ತ ಮುಂತಾದ ಲ್ಯಾಬ್ ಪರೀಕ್ಷೆ) ಎರಡೂ ಸೇರಿ ನಾಲ್ಕು ವರ್ಷ, ಅದರ ಮೇಲೆ ರಕ್ತದ ಕಾಯಿಲೆಗಳ ಹೆಮಟೋಪ್ಯಾಥಾಲಜಿ ಫೆಲೋಶಿಪ್ ಒಂದು ವರ್ಷ. ಕಲಿತದ್ದನ್ನೇ ಮತ್ತೆ ಕಲೀಬೇಕಾ ಅನ್ಸುತ್ತೆ. ಅನ್ಸಲಿ. ಯು.ಎಸ್.ಎಂ.ಎಲ್.ಇ.ಯ ಸ್ಟೆಪ್ 1 ಪರೀಕ್ಷೆ 2022ರ ಜನವರಿಯಿಂದ ಬರೀ ಪಾಸ್-ಫೇಲ್, ಹಾಗಾಗಿ ಸ್ಟೆಪ್ 2ರ ಅಂಕಕ್ಕೇ ಈಗ ತೂಕ. ಟ್ರೈನಿಂಗ್‌ಗೆ ಕೊಡೋ ಜೆ-1 ವೀಸಾದಲ್ಲಿ ಬಂದ್ರೆ ಟ್ರೈನಿಂಗ್ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಬೇಕು, ಇಲ್ಲಾಂದ್ರೆ ವೇವರ್ (ಆ ನಿಯಮದಿಂದ ವಿನಾಯಿತಿ) ತಗೋಬೇಕು. ವೇವರ್ ಸಾಮಾನ್ಯವಾಗಿ ಸಿಗೋದು ಡಾಕ್ಟರ್‌ಗಳ ಕೊರತೆ ಇರೋ ಕಡೆ ಕೆಲಸ ಮಾಡೋರಿಗೆ. ಅಂಥ ಕಡೆ ರಿಸರ್ಚ್ ಲ್ಯಾಬ್ ಎಲ್ಲಿ ಬರಬೇಕು?

ನಾನು ಬಂದ ಹೊಸದರಲ್ಲಿ ಸೈನ್-ಔಟ್‌ಗೆ (ಹಿರಿಯರ ಜೊತೆ ಕೂತು ಸ್ಲೈಡ್ ನೋಡಿ ರಿಪೋರ್ಟ್ ಬರೆಯೋ ಹೊತ್ತಿಗೆ) ಕುತ್ತಿಗೆಯ ದುಗ್ಧಗ್ರಂಥಿ ಒಂದು ಬಂತು. ತುಂಬಾ ಗ್ರಾನ್ಯುಲೋಮಾ, ಅಂದ್ರೆ ಉರಿಯೂತದ ಕೋಶಗಳ ಗುಂಪು. ಏನೇನಿರಬಹುದು ಹೇಳಿ ಅಂದಾಗ ನಾನು ಟಿ.ಬಿ.ಯಿಂದ ಶುರು ಮಾಡಿದೆ, ಪಕ್ಕದ ರೆಸಿಡೆಂಟ್ ಹಾಡ್ಜ್‌ಕಿನ್ ಅನ್ನೋ ಲಿಂಫೋಮಾದಿಂದ ಶುರು ಮಾಡಿದ. ಸ್ಲೈಡ್ ಒಂದೇ, ಪಟ್ಟಿ ತಲೆಕೆಳಗು. ಬೆಂಗಳೂರಲ್ಲಿ ಕಲಿತವರ ಬಾಯಲ್ಲಿ ಇನ್ನೇನು ಬರುತ್ತೆ? ಹಾಡ್ಜ್‌ಕಿನ್ ಲಿಂಫೋಮಾದಲ್ಲೂ ಗ್ರಾನ್ಯುಲೋಮಾ ಕಾಣುತ್ತೆ ಅನ್ನೋದು ನಮ್ಮ ಕಡೆ ಪುಸ್ತಕದಲ್ಲಿ ಎಲ್ಲರೂ ಓದಿರ್ತಾರೆ. ಆದ್ರೂ ಬಯಾಪ್ಸಿ ಇಲ್ಲದೆ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿ, ಗಡ್ಡೆ ಕರಗಲಿಲ್ಲ ಅಂತ ಕೊನೆಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬಾಗಿಲಿಗೆ ಬರೋರನ್ನ ನೀವೂ ನೋಡಿರ್ತೀರಿ. ಎರಡೂ ಪಟ್ಟಿ ತಲೆಯಲ್ಲಿ ಇಟ್ಕೊಂಡು ಬನ್ನಿ. ಅದು ಇಲ್ಲಿಯವರ ಹತ್ತಿರ ಇಲ್ಲ.

ಅದರ ಬೆಲೆ ನನಗೆ ಗೊತ್ತಾಗಿದ್ದು ಅಮೈಲಾಯ್ಡ್‌ನಲ್ಲಿ. ನಮ್ಮ ಹಳೇ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ರು, ಮೂರು ಮೈಕ್ರಾನ್ ಸೆಕ್ಷನ್ ಕತ್ತರಿಸೋದ್ರಲ್ಲಿ ಎತ್ತಿದ ಕೈ. ಅಮೈಲಾಯ್ಡ್ ಪತ್ತೆಗೆ ಹಾಕೋ ಕಾಂಗೋ ರೆಡ್ ಬಣ್ಣಕ್ಕೆ ಎಂಟು-ಹತ್ತು ಮೈಕ್ರಾನ್ ಬೇಕು ಅಂದ್ರೆ ಅವರಿಗೆ ಅವಮಾನ. "ಹಪ್ಪಳದಷ್ಟು ದಪ್ಪ ಕತ್ತರಿಸಲಾ ಮೇಡಂ?" ಅಂತ ಗೊಣಗಿಕೊಂಡೇ ಮೈಕ್ರೋಟೋಮ್ ತಿರುಗಿಸೋರು. ಸೆಕ್ಷನ್ ತೆಳುವಾದ್ರೆ ಹಸಿರು ಸರಿಯಾಗಿ ಏಳಲ್ಲ. ದೀಪ ಆರಿಸಿ, ಪೋಲರೈಸರ್ ಮೆಲ್ಲಗೆ ತಿರುಗಿಸಿದ ಹಾಗೆ ಗ್ಲೊಮೆರುಲಸ್‌ನ (ಕಿಡ್ನಿಯ ಸೋಸುವ ಗಂಟಿನ) ಇಟ್ಟಿಗೆ ಕೆಂಪು ಹೋಗಿ ಹಸಿರು ಹೊಳೆಯೋಕೆ ಶುರುವಾಗುತ್ತಲ್ಲ, ಆಗ ಅವರೂ ಬಂದು ಒಂದು ಕಣ್ಣು ಇಡೋರು. 1880ರ ದಶಕದಲ್ಲಿ ಜರ್ಮನಿಯವರು ಹತ್ತಿ ಬಟ್ಟೆಗೆ ಅಂತ ಮಾಡಿದ ಬಣ್ಣ ಅದು. ಆ ಹಸಿರು ಹೊಳಪನ್ನ 1927ರಲ್ಲಿ ಬೆಲ್ಜಿಯಂನ ಇಬ್ಬರು ವರದಿ ಮಾಡಿದ್ರು. ಇಷ್ಟೆಲ್ಲ ಮೆಷಿನ್ ಬಂದ ಮೇಲೂ ಅಮೈಲಾಯ್ಡ್ ಅಂತ ಬರೆಯೋಕೆ ಮೊದಲು ನೋಡೋದು ಅದನ್ನೇ.

ಆದ್ರೆ ಯಾವ ಪ್ರೋಟೀನ್ ಅನ್ನೋದನ್ನ ಹಸಿರು ಹೇಳಲ್ಲ. ಪ್ಲಾಸ್ಮಾ ಕೋಶಗಳೋ, ಕೆಲವೊಮ್ಮೆ ಲಿಂಫೋಮಾ ಕೋಶಗಳೋ ಸುರಿಸೋ ಲೈಟ್ ಚೈನ್‌ನಿಂದ (ಆ್ಯಂಟಿಬಾಡಿಯ ತುಣುಕಿನಿಂದ) ಆದ್ರೆ ಎಎಲ್ ಅನ್ನೋ ಬಗೆ, ಅದಕ್ಕೆ ಕೀಮೋ. 2021ರಿಂದ ಇಲ್ಲಿ ಡಾರಟುಮುಮ್ಯಾಬ್ ಅನ್ನೋ ಆ್ಯಂಟಿಬಾಡಿ ಔಷಧಿಗೂ ಅನುಮತಿ ಇದೆ. ವರ್ಷಗಟ್ಟಲೆ ಟಿ.ಬಿ. ಅಥವಾ ಕೀಲುವಾತ ಇದ್ದು ಬಂದ್ರೆ ಎಎ, ಅಲ್ಲಿ ಮೂಲ ಕಾಯಿಲೆಗೇ ಚಿಕಿತ್ಸೆ. ಎಎಯನ್ನ ಎಎಲ್ ಅಂದುಕೊಂಡ್ರೆ ಬೇಡದ ಕೀಮೋ ಮೈಗೆ ಹೋಗುತ್ತೆ. ಒಮ್ಮೆ ನಮ್ಮ ದೇಶದ ಹಿರಿಯರೊಬ್ಬರ ಕಿಡ್ನಿ ಬಯಾಪ್ಸಿ ಬಂತು. ರಕ್ತದಲ್ಲಿ ಸ್ವಲ್ಪ ಮೋನೋಕ್ಲೋನಲ್ ಪ್ರೋಟೀನ್ (ಎಎಲ್‌ನಲ್ಲಿ ಕಾಣೋ ಒಂದೇ ಥರದ ಆ್ಯಂಟಿಬಾಡಿ) ಇತ್ತು, ವಯಸ್ಸಾದವರಲ್ಲಿ ಅದು ಹಾಗೇ ಇರೋದೂ ಉಂಟು. ಎಲ್ಲರೂ ಎಎಲ್ ಕಡೆಗೇ ವಾಲಿದ್ರು. ಹಿಂದೆ ಟಿ.ಬಿ. ಆಗಿತ್ತಾ ಅಂತ ಕೇಳಿ ನೋಡಿ ಅಂದೆ. ಆಗಿತ್ತು. ಪ್ರೋಟೀನ್ ಯಾವುದು ಅಂತ ಗುರುತಿಸೋ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಎಎ ಅಂತಲೇ ಬಂತು. ಜಂಬ ಅಂದ್ಕೊಳ್ಳಿ ಪರವಾಗಿಲ್ಲ, ಆ ಪ್ರಶ್ನೆ ಆ ರೂಮಿನಲ್ಲಿ ಇನ್ಯಾರಿಗೂ ಹೊಳೆದಿರಲಿಲ್ಲ.

ಈಗ ಹೊಟ್ಟೆ ಉರಿಯೋ ಮಾತು. ಎಎ ಮೇಲೆ ಕೆಲಸ ಮಾಡಬೇಕು ಅಂತಲೇ ನಾನು ಬಂದದ್ದು. ಇಲ್ಲಿ ಆ ಕಾಯಿಲೆ ಕಡಿಮೆ, ಹಾಗಾಗಿ ಗ್ರ್ಯಾಂಟೂ ಕಡಿಮೆ. ಗ್ರ್ಯಾಂಟ್ ಇದ್ದ ಕಡೆ ಲಿಂಫೋಮಾ ಇತ್ತು, ಎಎಲ್ ಇತ್ತು, ನಾನು ಅಲ್ಲಿ ಹೋದೆ. ಒಳ್ಳೇ ಕೆಲಸವೇ, ಮಾಡಿದ್ದಕ್ಕೆ ಹೆಮ್ಮೆ ಇದೆ. 2009ರಲ್ಲಿ ಮೇಯೋ ಕ್ಲಿನಿಕ್‌ನವರು ಹಸಿರಾದ ಜಾಗವನ್ನಷ್ಟೇ ಲೇಸರ್‌ನಲ್ಲಿ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಹಾಕೋ ವಿಧಾನ ಪ್ರಕಟಿಸಿದ್ರು, ಬಯಾಪ್ಸಿ ಅಂಗಾಂಶವನ್ನ ಮೇಣದಲ್ಲಿ ಕೂರಿಸಿಟ್ಟ ಹಳೇ ಪ್ಯಾರಾಫಿನ್ ಬ್ಲಾಕ್ ಇದ್ರೂ ಸಾಕು. ನನ್ನ ಮನಸ್ಸು ಓಡಿದ್ದು ಊರಿನ ಹಳೇ ಲ್ಯಾಬಿನ ಬ್ಲಾಕ್ ಬೀರುವಿಗೆ. ಟಿ.ಬಿ. ಎಂದು ಬರೆದು ಮುಚ್ಚಿಟ್ಟ ಎಷ್ಟೊಂದು ಕಿಡ್ನಿ! ನಾವು ಎಎ ಅಂದುಕೊಂಡದ್ದೆಲ್ಲ ಎಎ ಆಗಿತ್ತಾ? 2008ರಲ್ಲಷ್ಟೇ ಗುರುತಿಸಿದ ಲೆಕ್ಟ್-2 ಅನ್ನೋ ಅಮೈಲಾಯ್ಡ್ ಮೆಕ್ಸಿಕೋ ಮೂಲದವರಲ್ಲಿ, ಪಂಜಾಬಿಗಳಲ್ಲಿ ಹೆಚ್ಚಾಗಿ ಕಾಣುತ್ತೆ. ನಮ್ಮವರಲ್ಲಿ? ವಿಚಾರಿಸಿದೆ. ಕಟ್ಟಡ ರಿಪೇರಿಗೆ ಅಂತ ಬೀರು ಮೆಟ್ಟಿಲ ಕೆಳಗೆ ಸರಿಸಿದ್ರಂತೆ, ಮಳೆನೀರು ಸೋರಿ ನಂಬರ್ ಎಲ್ಲ ಅಳಿಸಿಹೋಗಿತ್ತಂತೆ. ನಂಬರ್ ಹೋದ ಬ್ಲಾಕ್ ಯಾರದ್ದು ಅಂತ ಹೇಳೋದು? ಕಸಕ್ಕೆ ಹಾಕಿದ್ರು. ಅತ್ತ ಲಂಡನ್ನಿನಲ್ಲಿ, 1832ರಲ್ಲಿ ಡಾ. ಹಾಡ್ಜ್‌ಕಿನ್ ವಿವರಿಸಿದ ಕೆಲವು ರೋಗಿಗಳ ಅಂಗಾಂಶ ಜೋಪಾನವಾಗಿತ್ತು. 1926ರಲ್ಲಿ ಅದನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿ, ಎಲ್ಲರದ್ದೂ ಆ ಕಾಯಿಲೆ ಅಲ್ಲ ಅಂತ ಕಂಡುಕೊಂಡ್ರು. ಇದನ್ನ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತೆ, ಯಾರ ಮೇಲೆ ಅಂತ ಗೊತ್ತಾಗಲ್ಲ.

ಹಾಗಾಗಿ ಹೊರಡೋ ಮೊದಲು ಅಲ್ಲೇ ಮಾಡಬೇಕಾದ ಕೆಲಸ ಇದೆ. ನಿಮ್ಮ ವಿಭಾಗದ ಅಮೈಲಾಯ್ಡ್ ಮತ್ತು ಲಿಂಫೋಮಾ ಬ್ಲಾಕ್‌ಗಳ ನಂಬರ್ ರಿಜಿಸ್ಟರ್‌ನಿಂದ ಇಳಿಸಿ ಕಂಪ್ಯೂಟರ್‌ಗೆ ಹಾಕಿ. ಅಂಗಾಂಶ ಕೆಡದ ಹಾಗೆ ಹಾಕಿಡೋ ಫಾರ್ಮಲಿನ್ ಹುಳಿಯಾಗದ ಹಾಗೆ ಬಫರ್ ಮಾಡ್ತಾರಾ ನೋಡಿ, ಇಲ್ಲಾಂದ್ರೆ ಡಿ.ಎನ್.ಎ. ಹಾಳಾಗುತ್ತೆ. ನಿಮ್ಮ ಗೈಡ್‌ನ ಮುಂದಿಟ್ಟು ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಳ್ಳಿ. ಮುಂದೆ ವಿದೇಶದವರ ಜೊತೆ ಸೇರಿ ಮಾಡೋದಾದ್ರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಗೂ ಹೋಗಬೇಕು, ಇಲ್ಲಿಗೆ ಬಂದು ಕೂತು ಅದನ್ನೆಲ್ಲ ಮಾಡಿಸೋದು ಆಗದ ಮಾತು. ಬ್ಯಾಗಿನಲ್ಲಿ ನಾಲ್ಕು ಬ್ಲಾಕ್ ಹಾಕ್ಕೊಂಡು ಬರೋ ಯೋಚನೆ ಮಾತ್ರ ಬೇಡವೇ ಬೇಡ. ಮುಂದೆ ಇಲ್ಲಿ ಕೆಲಸ ಸಿಕ್ಕಾಗ ವಾರಕ್ಕೆ ಎಷ್ಟು ದಿನ ರಿಸರ್ಚ್‌ಗೆ ಅಂತ ಕಾಗದದಲ್ಲಿ ಬರೆಸ್ಕೊಳ್ಳಿ. ಬಾಯಿಮಾತಲ್ಲಿ ಕೊಟ್ಟ ದಿನಗಳನ್ನ ಸರ್ಜರಿಯವರ ಸ್ಲೈಡ್ ಟ್ರೇ ನುಂಗಿಬಿಡುತ್ತೆ.

ಅಪ್ಪ-ಅಮ್ಮನ ವಿಷಯ ಕೊನೆಗೆ ಇಟ್ಟೆ. ವಿಸಿಟರ್ ವೀಸಾದಲ್ಲಿ ಬಂದ್ರೆ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಇಲ್ಲೇ ಉಳಿಸಿಕೊಳ್ಳಬೇಕಾದ್ರೆ ನೀವು ಸಿಟಿಜನ್ ಆಗಿರಬೇಕು, ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಎಷ್ಟುದ್ದ ಅಂತ ನಿಮಗೇ ಗೊತ್ತು. ನಮ್ಮಮ್ಮ ಒಂದು ಚಳಿಗಾಲ ಇದ್ದು, ಮಾತಾಡೋಕೆ ಜನ ಇಲ್ಲ ಅಂತ ಚಾಮರಾಜಪೇಟೆಗೆ ವಾಪಸ್ ಹೋದ್ರು. ನಿಮ್ಮ ಅಪ್ಪ-ಅಮ್ಮನ್ನ ನೋಡ್ಕೊಳ್ಳೋರು ಊರಲ್ಲಿ ಯಾರಿದ್ದಾರೆ ಅನ್ನೋದನ್ನ ನಿಮ್ಮ ತಮ್ಮನೋ ತಂಗಿಯೋ ಜೊತೆ ಕೂತು, ಟಿಕೆಟ್ ತಗೊಳ್ಳೋ ಮುಂಚೆ ಮಾತಾಡಿ. ಸ್ಟೆಪ್ 2 ತಾರೀಖು ಗೊತ್ತಾದ ಮೇಲೆ ಬರೆಯಿರಿ, ರೆಸಿಡೆನ್ಸಿ ಅರ್ಜಿ ಸೆಪ್ಟೆಂಬರ್‌ನಲ್ಲಿ ಹೋಗಬೇಕು. ನಿಮ್ಮ ಪರ್ಸನಲ್ ಸ್ಟೇಟ್‌ಮೆಂಟ್ ನಾನು ಓದಿಕೊಡ್ತೀನಿ.