ಉದ್ಯೋಗ ತೃಪ್ತಿ ಹೆಚ್ಚಿದರೆ ಬ್ಯಾಂಕ್ ನೌಕರರ ಕೆಲಸವೂ ಚೆನ್ನಾಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಂಗಳೂರಿನಲ್ಲಿ ಎಂ.ಕಾಂ. ಓದುತ್ತಿದ್ದೀರಿ, ಕರಾವಳಿಯ ಬ್ಯಾಂಕ್ ಶಾಖೆಗಳಲ್ಲಿ ಸಮೀಕ್ಷೆ ನಡೆಸಿ ಪ್ರಬಂಧ ಬರೆಯಬೇಕಾಗಿದೆ. ಉದ್ಯೋಗ ತೃಪ್ತಿ ಮತ್ತು ಕೆಲಸದಲ್ಲಿ ಮನಸ್ಸಿಟ್ಟು ತೊಡಗುವುದು, ಈ ಎರಡರಲ್ಲಿ ನೌಕರರ ಕಾರ್ಯಕ್ಷಮತೆಯನ್ನು ನಿಜವಾಗಿ ಹೆಚ್ಚಿಸುವುದು ಯಾವುದು ಎಂದು ಕೇಳಿದ್ದೀರಿ. ನನ್ನ ಉತ್ತರ ತೊಡಗುವಿಕೆಯ ಕಡೆಗೇ ವಾಲುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಅದನ್ನು ನಾನು ತಡವಾಗಿ ಕಲಿತೆ, ಕಲಿಯುವಷ್ಟರಲ್ಲಿ ಒಬ್ಬ ಒಳ್ಳೆಯ ಹುಡುಗನಿಗೆ ನಷ್ಟವಾಗಿತ್ತು.

1984ರಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ಬಡ್ತಿ ಪಡೆದು ಅಧಿಕಾರಿಯಾದೆ, ನಾಲ್ಕು ಶಾಖೆಗಳಲ್ಲಿ ಮ್ಯಾನೇಜರ್ ಆಗಿದ್ದೆ, ನಡುವೆ ಮೂರು ವರ್ಷ ಸಿಬ್ಬಂದಿ ತರಬೇತಿ ಕೇಂದ್ರದಲ್ಲಿ ಪಾಠ ಮಾಡಿದೆ. 2021ರಲ್ಲಿ ನಿವೃತ್ತನಾಗಿ ಈಗ ಉಡುಪಿಯ ಕುಂಜಿಬೆಟ್ಟಿನಲ್ಲಿದ್ದೇನೆ.

ಮಲ್ಪೆ ಬಂದರಿನ ಸಮೀಪದ ಶಾಖೆಯೊಂದರಲ್ಲಿ ನಾನಿದ್ದಾಗ ಒಬ್ಬರ ನಂತರ ಒಬ್ಬರಂತೆ ಇಬ್ಬರು ಕ್ಯಾಷಿಯರ್‌ಗಳು ಬಂದರು. ಅಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಮೀನು ಮಾರುವ ಹೆಂಗಸರು ಹಣ ಕಟ್ಟಲು ಬರುತ್ತಿದ್ದರು. ಸೊಂಟದ ಚೀಲದಿಂದ ತೆಗೆದ ನೋಟುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು, ಕೆಲವೊಮ್ಮೆ ಮೀನಿನ ಹುರುಪೆಯೂ ಅವಕ್ಕೆ ಹತ್ತಿಕೊಂಡಿರುತ್ತಿತ್ತು. ಎಣಿಸುವ ಯಂತ್ರಕ್ಕೆ ಹಾಕಿದರೆ ಸಿಕ್ಕಿಕೊಳ್ಳುತ್ತಿದ್ದವು. ಮೊದಲನೆಯ ಕ್ಯಾಷಿಯರ್ ‘ಒಣಗಿಸಿಕೊಂಡು ಬನ್ನಿ’ ಎಂದು ಆ ಹೆಂಗಸರನ್ನು ವಾಪಸು ಕಳುಹಿಸುತ್ತಿದ್ದರು. ಅವರು ಕೆಟ್ಟವರಲ್ಲ. ಸ್ವಂತ ಮನೆ ಎರಡು ಕಿಲೋಮೀಟರ್ ದೂರದಲ್ಲಿತ್ತು, ಮಧ್ಯಾಹ್ನ ಊಟಕ್ಕೆ ಮನೆಗೇ ಹೋಗುತ್ತಿದ್ದರು, ಸಂಜೆ ಕ್ಯಾಷ್ ಟ್ಯಾಲಿಯಾದ ಕೂಡಲೇ ಹೊರಡುತ್ತಿದ್ದರು. ಸಂಬಳದ ಬಗ್ಗೆ ಅವರಿಗೆ ದೂರಿರಲಿಲ್ಲ. ನಿಮ್ಮ ಪ್ರಶ್ನಾವಳಿಯನ್ನು ಅವರ ಕೈಗೆ ಕೊಟ್ಟಿದ್ದರೆ ತೃಪ್ತಿಯ ಕಾಲಂನಲ್ಲಿ ಐದಕ್ಕೆ ಐದು ಬರೆಯುತ್ತಿದ್ದರು, ಅದು ಸತ್ಯವೂ ಆಗಿರುತ್ತಿತ್ತು.

ಅವರ ಜಾಗಕ್ಕೆ ಬಂದವನು ದಾವಣಗೆರೆ ಕಡೆಯ ಹುಡುಗ. ಹೆಂಡತಿ ಅಲ್ಲೇ ಶಾಲೆಯಲ್ಲಿ ಶಿಕ್ಷಕಿ, ಮಗುವಿಗೆ ಒಂದು ವರ್ಷ. ವರ್ಗಾವಣೆಗೆ ಅರ್ಜಿ ಹಾಕಿ ಕಾಯುತ್ತಿದ್ದ. ಇಲ್ಲಿಯ ಸೆಖೆ, ಕುಚ್ಚಲಕ್ಕಿ ಊಟ, ಬಾಡಿಗೆ ಕೋಣೆಯ ಒಂಟಿತನ ಯಾವುದೂ ಅವನಿಗೆ ಹಿಡಿಸಿರಲಿಲ್ಲ. ತೃಪ್ತಿಯ ಕಾಲಂನಲ್ಲಿ ಎರಡು ಅಂಕ ಕೊಟ್ಟಿದ್ದರೂ ಹೆಚ್ಚೇ. ಅಂಥವನು ಬಂದ ಎರಡನೆಯ ವಾರ ತನ್ನ ದುಡ್ಡಿನಲ್ಲಿ ಒಂದು ಪುಟ್ಟ ಟೇಬಲ್ ಫ್ಯಾನ್ ತಂದು ಕ್ಯಾಬಿನ್‌ನೊಳಗೆ ಇಟ್ಟ. ಹಳೆಯ ಉದಯವಾಣಿಯ ಹಾಳೆಗಳನ್ನು ಮೇಜಿನ ಮೇಲೆ ಹಾಸಿ, ಒದ್ದೆ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಹರಡುತ್ತಿದ್ದ. ‘ಅಕ್ಕಾ, ಹತ್ತು ನಿಮಿಷ ಕುಳಿತುಕೊಳ್ಳಿ, ನಿಮ್ಮೆದುರಿಗೇ ಎಣಿಸುತ್ತೇನೆ’ ಎನ್ನುತ್ತಿದ್ದ. ಅಷ್ಟರಲ್ಲಿ ಮುಂದಿನವರ ಚೆಕ್ಕಿಗೆ ಹಣ ಕೊಟ್ಟು ಮುಗಿಸುತ್ತಿದ್ದ. ಆ ಹೆಂಗಸರು ಅದುವರೆಗೆ ಹಣವನ್ನು ಮನೆಯ ಡಬ್ಬಿಯಲ್ಲೋ ಪರಿಚಯದ ವ್ಯಾಪಾರಿಯ ಕೈಯಲ್ಲೋ ಇಡುತ್ತಿದ್ದವರು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಕೈ ಬರಿದಾಗುವ ತಿಂಗಳುಗಳಿಗೆಂದು ಒಬ್ಬೊಬ್ಬರೇ ಆರ್.ಡಿ. ಖಾತೆ (ತಿಂಗಳು ತಿಂಗಳು ಇಂತಿಷ್ಟು ಕಟ್ಟಿ ಉಳಿಸುವ ಖಾತೆ) ತೆರೆದರು. ವಲಯ ಕಚೇರಿಯಿಂದ ಅದಕ್ಕೆ ಯಾವ ಸುತ್ತೋಲೆಯೂ ಬಂದಿರಲಿಲ್ಲ.

ತರಬೇತಿ ಕೇಂದ್ರಕ್ಕೆ ಹೋದ ಮೇಲೆ ಈ ವಿಷಯದ ಸಂಶೋಧನೆಗಳನ್ನು ಓದಿದೆ, ಈ ಇಬ್ಬರೇ ಕಣ್ಣ ಮುಂದೆ ಬಂದರು. ತೃಪ್ತಿಗೂ ಕಾರ್ಯಕ್ಷಮತೆಗೂ ಇರುವ ಸಹಸಂಬಂಧ (ಎರಡರ ನಡುವಿನ ನಂಟಿನ ಅಳತೆ; ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1) ಸುಮಾರು 0.17 ಮಾತ್ರ ಎಂದು 1985ರಲ್ಲಿ ಐಫಾಲ್ಡಾನೊ ಮತ್ತು ಮುಚಿನ್‌ಸ್ಕಿ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದರು. 2001ರಲ್ಲಿ ಟಿಮೊಥಿ ಜಡ್ಜ್ ಮತ್ತು ಸಂಗಡಿಗರು 312 ಮಾದರಿಗಳನ್ನು, ಐವತ್ತನಾಲ್ಕು ಸಾವಿರಕ್ಕೂ ಹೆಚ್ಚು ನೌಕರರ ಮಾಹಿತಿಯನ್ನು ಒಟ್ಟುಗೂಡಿಸಿ ಅದನ್ನು 0.30ಕ್ಕೆ ತಿದ್ದಿದರು. ಅಂದರೂ ಒಬ್ಬರಿಂದ ಒಬ್ಬರಿಗೆ ಕಾಣುವ ಕೆಲಸದ ವ್ಯತ್ಯಾಸದಲ್ಲಿ ತೃಪ್ತಿಯ ಪಾಲು ನೂರಕ್ಕೆ ಒಂಬತ್ತರಷ್ಟು. ಸಣ್ಣದಲ್ಲ, ಆದರೆ ‘ನೌಕರ ಸಂತೋಷವಾಗಿದ್ದರೆ ಕೆಲಸ ತಾನಾಗಿಯೇ ಆಗುತ್ತದೆ’ ಎಂದು ವೇದಿಕೆಯ ಮೇಲೆ ಹೇಳುವಷ್ಟು ದೊಡ್ಡದೂ ಅಲ್ಲ.

ಸರಕಾರಿ ಬ್ಯಾಂಕುಗಳಲ್ಲಿ ಸಂಬಳ ಒಬ್ಬೊಬ್ಬರ ಕೆಲಸವನ್ನು ನೋಡಿ ಏರುವುದಿಲ್ಲ ಎಂಬುದನ್ನೂ ನೆನಪಿಡಿ. ವೇತನವನ್ನು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳು ಕುಳಿತು ಮಾಡಿಕೊಳ್ಳುವ ದ್ವಿಪಕ್ಷೀಯ ಒಪ್ಪಂದ ನಿರ್ಧರಿಸುತ್ತದೆ. 2020ರ ನವೆಂಬರ್‌ನ ಹನ್ನೊಂದನೆಯ ಒಪ್ಪಂದದಲ್ಲಿ ಕಾರ್ಯಕ್ಷಮತೆಗೆ ಪ್ರೋತ್ಸಾಹಧನವೇನೋ ಬಂತು. ಆದರೆ ಅದು ಇಡೀ ಬ್ಯಾಂಕಿನ ನಿರ್ವಹಣಾ ಲಾಭ ಆ ವರ್ಷ ಎಷ್ಟು ಏರಿತು ಎಂಬುದನ್ನು ನೋಡಿ ಕೊಡುವಂಥದು: ಶೇ. 5ಕ್ಕಿಂತ ಕಡಿಮೆ ಏರಿದರೆ ಏನೂ ಇಲ್ಲ, ಶೇ. 15 ದಾಟಿದರೆ ಹದಿನೈದು ದಿನಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ. ಒಪ್ಪಂದದ ಪ್ರಕಾರ ನೋಟು ಒಣಗಿಸಿದವನಿಗೂ ವಾಪಸು ಕಳುಹಿಸಿದವರಿಗೂ ಸಿಗುವುದು ಅಷ್ಟೇ ದಿನಗಳ ವೇತನ. ಹಾಗಾದರೆ ಆ ಹುಡುಗನನ್ನು ಫ್ಯಾನ್ ತರುವಂತೆ ಮಾಡಿದ್ದು ಏನು?

ಕಾರಣವನ್ನು ಅವನೇ ಒಮ್ಮೆ ಹೇಳಿದ. ಆ ಹೆಂಗಸರಲ್ಲಿ ಒಬ್ಬರು ಪಾಸ್‌ಬುಕ್ ತೆರೆದು ಒಟ್ಟು ಎಷ್ಟಾಯಿತೆಂದು ಅವನಿಂದ ಓದಿಸಿಕೊಂಡು, ಮತ್ತೊಮ್ಮೆ ಓದು ಎಂದಿದ್ದರಂತೆ. ತನ್ನ ಕೆಲಸದಿಂದ ಯಾರಿಗೆ ಏನಾಯಿತು ಎಂಬುದು ಅವನಿಗೆ ಮುಖದ ಮೇಲೆ ಕಾಣುತ್ತಿತ್ತು. ಈ ಊರಿನ ಬ್ಯಾಂಕಿಂಗ್ ಹುಟ್ಟಿದ್ದೇ ಹೀಗೆ ಎಂದು ನನಗನ್ನಿಸುತ್ತದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯನ್ನು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಸಂಗ್ರಹಿಸುವ ಯೋಜನೆ ಅದು. ಉಳಿಸುವವನ ಮನೆಯಲ್ಲಿ ಇವತ್ತು ಎರಡಾಣೆಗೂ ತತ್ವಾರವಿದೆಯೇ ಎಂಬುದು ಸಂಗ್ರಹಕ್ಕೆ ಹೋದವನಿಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು.

ಇನ್ನು ನಾನು ಹೇಳಿದ ಷರತ್ತು. ಆ ಹುಡುಗನ ವರ್ಗಾವಣೆ ಅರ್ಜಿ ಮೂರನೆಯ ಸಲವೂ ತಿರಸ್ಕೃತವಾಯಿತು. ಅವನ ಕೆಲಸ ಚೆನ್ನಾಗಿತ್ತಲ್ಲ, ಅವನನ್ನು ಬಿಟ್ಟುಕೊಡಲು ನನಗೂ ಮನಸ್ಸಿರಲಿಲ್ಲ. ಮೇಲಿನವರು ಅಭಿಪ್ರಾಯ ಕೇಳಿದಾಗ ‘ಶಾಖೆಗೆ ಅಗತ್ಯವಿದೆ’ ಎಂದು ಬರೆದವನು ನಾನೇ. ಅವನು ಜಗಳವಾಡಲಿಲ್ಲ, ರಜೆಯನ್ನೂ ಹೆಚ್ಚು ಹಾಕಲಿಲ್ಲ. ಒಂದು ತಿಂಗಳ ನಂತರ ಕ್ಯಾಬಿನ್‌ನ ಮೇಜಿನ ಮೇಲೆ ಪತ್ರಿಕೆಯ ಹಾಳೆಗಳು ಇರಲಿಲ್ಲ. ನಂತರ ಎರಡು ಸಲ ಕ್ಯಾಷ್ ಶಾರ್ಟ್ ಬಂತು, ಅಂದರೆ ಲೆಕ್ಕಕ್ಕಿಂತ ಹಣ ಕಡಿಮೆ ಬಂತು, ಎರಡೂ ಸಲ ತನ್ನ ಕಿಸೆಯಿಂದ ತುಂಬಿದ. ಮಗುವಿಗೆ ಜ್ವರ ಬಂದ ರಾತ್ರಿಯ ಮರುದಿನವೇ ಅದಾದದ್ದು ಎಂದು ನನಗೆ ಬಹಳ ಕಾಲದ ನಂತರ ತಿಳಿಯಿತು. ವಿಲಿಯಂ ಕಾನ್ ಎಂಬ ವಿದ್ವಾಂಸರು 1990ರಲ್ಲಿ, ಮನುಷ್ಯ ಕೆಲಸಕ್ಕೆ ತನ್ನನ್ನು ಪೂರ್ತಿಯಾಗಿ ಕೊಟ್ಟುಕೊಳ್ಳಬೇಕಾದರೆ ಮೂರು ಬೇಕು ಎಂದಿದ್ದರು: ಕೆಲಸಕ್ಕೊಂದು ಅರ್ಥ, ತಾನು ತಾನಾಗಿರಲು ಭಯವಿಲ್ಲದ ವಾತಾವರಣ, ಕೊಡುವುದಕ್ಕೆ ಒಳಗೆ ಉಳಿದಿರುವ ಕಸುವು. ಆ ಹುಡುಗನಿಗೆ ಮೊದಲ ಎರಡು ಇದ್ದವು. ಮೂರನೆಯದನ್ನು ನಾವು ತೆಗೆದೆವು. ತೃಪ್ತಿ ಒಳ್ಳೆಯ ಕೆಲಸವನ್ನು ಹುಟ್ಟಿಸದಿರಬಹುದು, ಆದರೆ ಅತೃಪ್ತಿ ಬಹಳ ಕಾಲ ನಿಂತರೆ ಹುಟ್ಟಿದ್ದನ್ನು ತಿನ್ನುತ್ತದೆ. ನಿಮ್ಮ ಪ್ರಬಂಧದಲ್ಲಿ ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಅದಕ್ಕಿಂತ ದೊಡ್ಡ ಪ್ರಶ್ನೆ, ಕಾರ್ಯಕ್ಷಮತೆ ಎಂದು ನೀವು ಯಾವುದನ್ನು ಕರೆಯುತ್ತೀರಿ ಎಂಬುದು. ನನ್ನ ಕೊನೆಯ ವರ್ಷಗಳಲ್ಲಿ ಸಂಜೆ ಏಳಕ್ಕೆ ವೀಡಿಯೊ ಸಭೆ ಇರುತ್ತಿತ್ತು. ಇವತ್ತು ಎಷ್ಟು ವಿಮೆ ಪಾಲಿಸಿ ಮಾಡಿದಿರಿ ಎಂಬುದೊಂದೇ ಮಾತು. ಸಾಲದ ಕಡತ ಎಷ್ಟು ಎಚ್ಚರದಿಂದ ನೋಡಿದಿರಿ ಎಂದು ಆ ಸಭೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ನಮ್ಮಲ್ಲೊಬ್ಬ ತರುಣ ಅಧಿಕಾರಿ ಇದ್ದಳು, ಚುರುಕು. ಠೇವಣಿ ನವೀಕರಿಸಲು ಬಂದ ನಿವೃತ್ತ ಮೇಷ್ಟ್ರೊಬ್ಬರಿಗೆ ಐದು ವರ್ಷ ಕಂತು ಕಟ್ಟುವ ವಿಮೆ ಪಾಲಿಸಿ ಮಾಡಿಸಿದಳು. ಆ ತಿಂಗಳ ಪಟ್ಟಿಯಲ್ಲಿ ಅವಳ ಹೆಸರೇ ಮೊದಲು, ಅಭಿನಂದನೆಯ ಸಂದೇಶವೂ ಬಂತು. ಮುಂದಿನ ವರ್ಷ ಅವರು ಹೆಂಡತಿಯ ಶಸ್ತ್ರಚಿಕಿತ್ಸೆಗೆ ಹಣ ಬೇಕೆಂದು ಬಂದರು. ಈಗ ತೆಗೆಯಲಾಗುವುದಿಲ್ಲ ಎಂದು ಅವಳೇ ಹೇಳಬೇಕಾಯಿತು. ಮೇಷ್ಟ್ರು ಬೈಯಲಿಲ್ಲ. ‘ನೀನು ಹೇಳಿದೆಯೆಂದು ಸಹಿ ಹಾಕಿದೆ ಮಗಳೇ’ ಎಂದರು. ಆ ಅರ್ಜಿಯ ಮೇಲೆ ಮ್ಯಾನೇಜರ್ ಆಗಿ ನನ್ನ ಸಹಿಯೂ ಇತ್ತು. ಮರುವಾರ ಅವಳು ತನ್ನನ್ನು ಗ್ರಾಹಕರು ಬರದ ಒಳಗಿನ ವಿಭಾಗಕ್ಕೆ ಹಾಕಿ ಎಂದು ಬರೆದುಕೊಟ್ಟಳು. ವಲಯ ಕಚೇರಿಯ ಅಂಕಿಗಳಲ್ಲಿ ಅವಳು ಆ ವರ್ಷದ ಉತ್ತಮ ನೌಕರಳು. ನಿಮ್ಮ ಸಮೀಕ್ಷೆ ಆ ಅಂಕಿಯನ್ನೇ ಕಾರ್ಯಕ್ಷಮತೆ ಎಂದು ತೆಗೆದುಕೊಂಡರೆ ಏನನ್ನು ಅಳೆದಂತಾಯಿತು, ನೀವೇ ಯೋಚಿಸಿ.

ಕರಾವಳಿಗೆ ಸೇರಿದ ಇನ್ನೊಂದು ಮಾತು. 1906ರಿಂದ 1931ರ ಒಳಗೆ ಮಂಗಳೂರು, ಉಡುಪಿ ಈ ಎರಡು ಊರುಗಳಲ್ಲಿ ಹೆಸರಾದ ಐದು ಬ್ಯಾಂಕುಗಳು ಹುಟ್ಟಿದವು: ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ತಂದೆ, ಮಗಳು, ಅಳಿಯ ಎಲ್ಲರೂ ಒಂದೇ ಬ್ಯಾಂಕಿನಲ್ಲಿದ್ದ ಮನೆಗಳು ಇಲ್ಲಿವೆ. ಅವರು ‘ನಮ್ಮ ಬ್ಯಾಂಕ್’ ಎನ್ನುವಾಗ ಅದು ಬರಿಯ ರೂಢಿಯ ಮಾತಾಗಿರಲಿಲ್ಲ. ಬೋರ್ಡ್ ಬದಲಾದಾಗ ಸಂಬಳ ಕಡಿಮೆಯಾಗಲಿಲ್ಲ, ಕೆಲಸವೂ ಹೋಗಲಿಲ್ಲ. ಆದರೂ ಹಳೆಯ ಫಲಕ ಇಳಿಸಿದ ದಿನ ನಮ್ಮ ಅಟೆಂಡರ್ ಅದನ್ನು ಒರೆಸಿ ಒಳಗೆ ಗೋಡೆಗೆ ಒರಗಿಸಿಟ್ಟರು. ಆ ನಂತರದ ತಿಂಗಳುಗಳಲ್ಲಿ ಹೊಸ ತಂತ್ರಾಂಶ, ಹೊಸ ಖಾತೆ ಸಂಖ್ಯೆ, ಕೌಂಟರಿನಲ್ಲಿ ಗ್ರಾಹಕರ ಕೋಪ ಎಲ್ಲವನ್ನೂ ಎದುರಿಸಿ ನಿಂತವರು ಇದೇ ಹಳಬರು. ಹೆಮ್ಮೆಯನ್ನು ಅಳೆಯುವ ಪ್ರಶ್ನೆ ನಿಮ್ಮಲ್ಲಿ ಇರಲಿ, ವಿಲೀನವಾದ ಮತ್ತು ಆಗದ ಬ್ಯಾಂಕುಗಳ ಉತ್ತರಗಳನ್ನು ಬೇರೆಬೇರೆಯಾಗಿ ನೋಡಿ.

ಕಾರಣ ಯಾವುದು, ಪರಿಣಾಮ ಯಾವುದು ಎಂಬುದರಲ್ಲಿಯೂ ಅವಸರ ಮಾಡಬೇಡಿ. ಬಿಹಾರದಿಂದ ಬಂದಿದ್ದ ಒಬ್ಬ ಅಧಿಕಾರಿ ಮೊದಲ ಆರು ತಿಂಗಳು ಮಂಕಾಗಿದ್ದ. ನಮ್ಮ ಚಿನ್ನ ಪರೀಕ್ಷಕರು ದಿನಕ್ಕೆ ಒಂದು ವಾಕ್ಯದಂತೆ ಅವನಿಗೆ ತುಳು ಕಲಿಸಿದರು. ‘ಎಂಚ ಉಲ್ಲರ್?’ (ಹೇಗಿದ್ದೀರಿ?) ಎಂದು ಅವನು ಕೇಳಲು ಆರಂಭಿಸಿದ ಮೇಲೆ ಗ್ರಾಹಕರು ಅವನ ಮೇಜಿಗೇ ಹೋಗತೊಡಗಿದರು, ಕೆಲಸ ಬೇಗ ಮುಗಿಯತೊಡಗಿತು, ಆಮೇಲೆ ಅವನ ಮುಖ ಅರಳಿತು. ಅಲ್ಲಿ ಮೊದಲು ಬಂದದ್ದು ಕೆಲಸ ಕೈಗೂಡಿದ್ದು, ತೃಪ್ತಿ ಅದರ ಹಿಂದೆ ಬಂತು.

ಸಮೀಕ್ಷೆಗೆ ಹೋಗುವಾಗ ಪ್ರಶ್ನಾವಳಿಗಳನ್ನು ಮ್ಯಾನೇಜರ್ ಮೂಲಕ ಹಂಚಿಸಬೇಡಿ. ನಾನೇ ಹಂಚಿದ್ದೇನೆ, ಎಲ್ಲರೂ ನನ್ನೆದುರು ನಾಲ್ಕು, ಐದು ಎಂದೇ ತುಂಬಿ ಕೊಟ್ಟರು. ‘ನಿಮ್ಮ ಕೆಲಸ ಹೇಗಿದೆ’ ಎಂದು ನೌಕರರನ್ನೇ ಕೇಳಿ ಅದನ್ನು ಕಾರ್ಯಕ್ಷಮತೆ ಎನ್ನಬೇಡಿ. ಖಾತೆ ತೆರೆಯಲು ಹಿಡಿದ ದಿನಗಳು, ದೂರುಗಳ ಸಂಖ್ಯೆ, ಕೊಟ್ಟ ಸಾಲ ಎರಡು ವರ್ಷದ ನಂತರ ಸರಿಯಾಗಿ ಮರುಪಾವತಿಯಾಗುತ್ತಿದೆಯೇ ಎಂಬಂಥವನ್ನು ಸಿಕ್ಕಷ್ಟು ಸಂಗ್ರಹಿಸಿ. ಗುಮಾಸ್ತರು ಮತ್ತು ಅಧಿಕಾರಿಗಳನ್ನು ಒಂದೇ ರಾಶಿಗೆ ಹಾಕಬೇಡಿ, ದೇಶದ ಯಾವ ಮೂಲೆಗೂ ವರ್ಗಾವಣೆಯಾಗಬಹುದಾದ ಅಧಿಕಾರಿಯ ಮನಸ್ಸೇ ಬೇರೆ. ಕೊನೆಯಲ್ಲಿ ಅಂಕ ಕೇಳದ ಒಂದು ಪ್ರಶ್ನೆ ಸೇರಿಸಿ: ‘ಕಳೆದ ವಾರ ನಿಮ್ಮಿಂದ ಯಾರಿಗೆ ಉಪಕಾರವಾಯಿತು?’ ಅದನ್ನು ಬಾಯಲ್ಲಿಯೇ ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕಾಯಿರಿ. ಮಾರ್ಚ್ ತಿಂಗಳಲ್ಲಿ ಮಾತ್ರ ಹೋಗಬೇಡಿ, ಆಗ ಶಾಖೆಯಲ್ಲಿ ತಲೆ ಎತ್ತಿ ಮಾತನಾಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಪ್ರಶ್ನಾವಳಿ ಸಿದ್ಧವಾದ ಮೇಲೆ ಇಲ್ಲಿಯೇ ಹಾಕಿ, ಓದಿ ನನಗೆ ತೋಚಿದ್ದನ್ನು ಬರೆಯುತ್ತೇನೆ.