ಟ್ರ್ಯಾಕಿಂಗ್ ಲಾಗ್‌ನಲ್ಲಿ ಒಂದು ಮೇಲ್‌ನ ಜಾಡು ಬೇಗ ಹಿಡಿಯುವುದು

ನಮಸ್ಕಾರ. ನಿಮ್ಮಲ್ಲಿ ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶವಾದ ಎಕ್ಸ್‌ಚೇಂಜ್‌ನ ನಾಲ್ಕು ಸರ್ವರ್‌ಗಳಿವೆ. ಹನ್ನೆರಡು ದಿನಗಳ ಹಿಂದೆ ಕಳುಹಿಸಿದ ಮೇಲ್ ತಲುಪಿಲ್ಲವೆಂಬ ದೂರು ಬಂದಿದೆ. ಪ್ರತಿ ಮೇಲ್‌ನ ಓಡಾಟ ದಾಖಲಾಗುವ ಟ್ರ್ಯಾಕಿಂಗ್ ಲಾಗ್ ಹುಡುಕಲು ಗಂಟೆಗಟ್ಟಲೆ ಹಿಡಿಯುತ್ತಿದೆ, ಸಿಗುವುದೂ ಅರೆಬರೆ ಎಂದು ಬರೆದಿದ್ದೀರಿ. ನೀವು ಹಾಕಿರುವ ಕಮಾಂಡ್ ಮೊದಲು ಎಲ್ಲ ದಾಖಲೆಗಳನ್ನೂ ತರಿಸಿಕೊಂಡು ಆಮೇಲೆ ವೇರ್-ಆಬ್ಜೆಕ್ಟ್ ಎಂಬ ಇನ್ನೊಂದು ಕಮಾಂಡ್‌ನಲ್ಲಿ ಸೋಸುತ್ತಿದೆ. ತಡವಾಗುತ್ತಿರುವುದು ಅಲ್ಲಿಯೇ.

ಲಾಗ್ ಹುಡುಕುವ ಗೆಟ್-ಮೆಸೇಜ್‌ಟ್ರ್ಯಾಕಿಂಗ್‌ಲಾಗ್ ಕಮಾಂಡ್‌ಗೇ ಸ್ಟಾರ್ಟ್, ಎಂಡ್, ಸೆಂಡರ್, ರೆಸಿಪಿಯೆಂಟ್ಸ್ ಇವುಗಳನ್ನು ಕೊಟ್ಟರೆ ಸೋಸುವ ಕೆಲಸ ಲಾಗ್ ಇರುವ ಸರ್ವರ್‌ನಲ್ಲಿಯೇ ಮುಗಿದು, ಬೇಕಾದ ಸಾಲುಗಳು ಮಾತ್ರ ನಿಮ್ಮ ಬಳಿಗೆ ಬರುತ್ತವೆ. ಇವುಗಳಲ್ಲಿ ಹೆಚ್ಚು ಸಮಯ ಉಳಿಸುವುದು ಸ್ಟಾರ್ಟ್ ಮತ್ತು ಎಂಡ್. ಇಡೀ ದಿನವನ್ನು ಹುಡುಕಬೇಕಿಲ್ಲ. ಕಳುಹಿಸಿದವರ ಸೆಂಟ್ ಐಟಮ್ಸ್‌ನಲ್ಲಿ ಕಾಣುವ ಸಮಯದ ಹಿಂದೆ ಮುಂದೆ ಅರ್ಧ ಗಂಟೆ ಸಾಕು. ಲಾಗ್ ಫೈಲನ್ನು ನೇರವಾಗಿ ತೆರೆದು ಓದುವವರು ಮಾತ್ರ ಅಲ್ಲಿನ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ಕಮಾಂಡ್ ತೋರಿಸುವುದು ಸ್ಥಳೀಯ ಸಮಯ ಎಂಬುದನ್ನು ಮರೆಯಬಾರದು.

ಅರೆಬರೆ ಫಲಿತಾಂಶಕ್ಕೆ ಎರಡು ಕಾರಣಗಳು ಕಾಣುತ್ತವೆ. ರಿಸಲ್ಟ್‌ಸೈಜ್ ಹೇಳದಿದ್ದರೆ ಕಮಾಂಡ್ 1000 ಸಾಲುಗಳಿಗೆ ನಿಲ್ಲುತ್ತದೆ. ಅನ್‌ಲಿಮಿಟೆಡ್ ಎಂದು ಕೊಡಿ. ಎರಡನೆಯದಾಗಿ, ಪ್ರತಿ ಸರ್ವರ್ ತನ್ನ ಲಾಗನ್ನು ತಾನೇ ಇಟ್ಟುಕೊಳ್ಳುತ್ತದೆ. ನಾನೂ ಒಮ್ಮೆ ಒಂದೇ ಸರ್ವರ್‌ನಲ್ಲಿ ಹುಡುಕಿ, ಮೇಲ್ ನಮ್ಮಿಂದ ಹೊರಟೇ ಇಲ್ಲವೆಂದು ಹೇಳಿಬಿಟ್ಟಿದ್ದೆ. ಅದು ಪಕ್ಕದ ಸರ್ವರ್ ಮೂಲಕ ಹೋಗಿತ್ತು. ಅಂದಿನಿಂದ ಎಲ್ಲ ಸರ್ವರ್‌ಗಳ ಪಟ್ಟಿ ಕೊಡುವ ಗೆಟ್-ಟ್ರಾನ್ಸ್‌ಪೋರ್ಟ್‌ಸರ್ವಿಸ್‌ನ ಫಲಿತಾಂಶವನ್ನು ಲಾಗ್ ಹುಡುಕುವ ಕಮಾಂಡ್‌ಗೆ ಪೈಪ್ ಮಾಡದೆ (ನೇರವಾಗಿ ಹಾಯಿಸದೆ) ಯಾರಿಗೂ ಉತ್ತರ ಕೊಡುವುದಿಲ್ಲ.

ಈ ಮೊದಲ ಹುಡುಕಾಟದಿಂದ ನಿಮಗೆ ಬೇಕಾಗಿರುವುದು ಒಂದೇ, ಆ ಮೇಲ್‌ನ ಮೆಸೇಜ್ ಐಡಿ, ಅಂದರೆ ಅದನ್ನು ಗುರುತಿಸುವ ವಿಶಿಷ್ಟ ಸಂಕೇತ. ಸರ್ವರ್‌ನಿಂದ ಸರ್ವರ್‌ಗೆ ಹೋದಾಗ ಪ್ರತಿ ಸರ್ವರ್ ತಾನೇ ಕೊಡುವ ಇಂಟರ್ನಲ್ ಮೆಸೇಜ್ ಐಡಿ ಬದಲಾಗುತ್ತದೆ, ಆದರೆ ಮೆಸೇಜ್ ಐಡಿ ಹಾಗೆಯೇ ಉಳಿಯುತ್ತದೆ. ಅದನ್ನು ಕೋನಾಕಾರದ ಆವರಣ ಚಿಹ್ನೆಗಳ ಸಮೇತ ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಎಂಡ್ ಸಮಯವನ್ನು ಒಂದೆರಡು ದಿನ ಮುಂದಕ್ಕೆ ಚಾಚಿ, ಎಲ್ಲ ಸರ್ವರ್‌ಗಳಲ್ಲಿ ಮತ್ತೊಮ್ಮೆ ಹುಡುಕಿ; ಫಲಿತಾಂಶವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟು ಟೈಮ್‌ಸ್ಟ್ಯಾಂಪ್ ಪ್ರಕಾರ ಜೋಡಿಸಿದರೆ ಆ ಮೇಲ್ ಹಾದುಹೋದ ದಾರಿ ಸಾಲುಸಾಲಾಗಿ ಕಣ್ಣೆದುರು ಬರುತ್ತದೆ. ಈ ಸುತ್ತಿನಲ್ಲಿ ಸೆಂಡರ್, ರೆಸಿಪಿಯೆಂಟ್ಸ್, ಇವೆಂಟ್‌ಐಡಿ (ಆ ಸಾಲಿನ ಘಟನೆಯ ಹೆಸರು) ಯಾವುದನ್ನೂ ಸೇರಿಸಬೇಡಿ. ಮೇಲ್ ಒಂದು ಗುಂಪಿನ ವಿಳಾಸಕ್ಕೆ ಹೋಗಿದ್ದರೆ ಮೇಲ್ ಸರ್ವರ್‌ಗೆ ಬಂದದ್ದನ್ನು ಹೇಳುವ ರಿಸೀವ್ ಸಾಲಿನಲ್ಲಿ ಇರುವುದು ಗುಂಪಿನ ವಿಳಾಸ. ಗುಂಪು ಎಕ್ಸ್‌ಪ್ಯಾಂಡ್ ಆದ (ಸದಸ್ಯರಾಗಿ ಬಿಡಿಸಿಕೊಂಡ) ಮೇಲೆಯೇ ಸದಸ್ಯರ ವಿಳಾಸಗಳು ಕಾಣಿಸುತ್ತವೆ. ಹೀಗಿರುವಾಗ ಸದಸ್ಯರ ವಿಳಾಸದಿಂದ ಸೋಸಿದರೆ ಕಥೆಯ ಮೊದಲರ್ಧವೇ ತಪ್ಪಿಹೋಗುತ್ತದೆ. ಎಚ್‌ಎ ಎಂದು ಆರಂಭವಾಗುವ ಸಾಲುಗಳು ಶ್ಯಾಡೋ ಪ್ರತಿಗೆ (ಇನ್ನೊಂದು ಸರ್ವರ್‌ನಲ್ಲಿ ಇಡುವ ಮೀಸಲು ಪ್ರತಿ) ಸಂಬಂಧಿಸಿದವು. ಮೇಲ್ ಎರಡು ಸಲ ಹೋಗಿದೆ ಎಂದು ಅವುಗಳಿಂದ ತಿಳಿಯಬೇಡಿ.

ಲಾಗ್ ಉಳಿಯುವ ಅವಧಿಯನ್ನೂ ಇಂದೇ ನೋಡಿಕೊಳ್ಳಿ. ಮೂಲ ಹೊಂದಿಕೆಯಲ್ಲಿ 30 ದಿನಗಳಿದ್ದರೂ ಫೋಲ್ಡರ್‌ಗೆ 1000 ಎಂಬಿ ಮಿತಿಯೂ ಇದೆ, ಮತ್ತು ಒತ್ತಡವಿರುವ ಸರ್ವರ್‌ನಲ್ಲಿ ಈ ಮಿತಿ ಮೊದಲೇ ತುಂಬಿ ಹಳೆಯ ಫೈಲ್‌ಗಳು ಅಳಿಸಿಹೋಗುತ್ತವೆ. ಫೋಲ್ಡರ್‌ನಲ್ಲಿ ಅತಿ ಹಳೆಯ ಫೈಲ್ ಯಾವ ದಿನಾಂಕದ್ದು ಎಂದು ನೋಡಿ; ಅದು ಹನ್ನೆರಡು ದಿನಗಳಿಗಿಂತ ಈಚಿನದಾಗಿದ್ದರೆ ನೀವು ಹುಡುಕುತ್ತಿರುವ ಸಾಲು ಆ ಸರ್ವರ್‌ನಲ್ಲಿ ಇಲ್ಲವೇ ಇಲ್ಲ. ಸೆಟ್-ಟ್ರಾನ್ಸ್‌ಪೋರ್ಟ್‌ಸರ್ವಿಸ್‌ನಲ್ಲಿ ಎರಡೂ ಮಿತಿಗಳನ್ನು ಹೆಚ್ಚಿಸಬಹುದು.

ಕೊನೆಯ ಸಾಲು ಡೆಲಿವರ್ ಆಗಿದ್ದರೆ ಮೇಲ್ ಅಂಚೆಪೆಟ್ಟಿಗೆಗೆ ಸೇರಿದೆ. ಆಮೇಲಿನ ಹುಡುಕಾಟ ಪಡೆಯಬೇಕಾದವರ ಇನ್‌ಬಾಕ್ಸ್ ನಿಯಮಗಳಲ್ಲಿ, ಜಂಕ್ ಫೋಲ್ಡರ್‌ನಲ್ಲಿ. ಫೇಲ್ ಆಗಿದ್ದರೆ ರೆಸಿಪಿಯೆಂಟ್‌ಸ್ಟೇಟಸ್‌ನಲ್ಲಿ 550 5.1.1 (ಆ ವಿಳಾಸವೇ ಇಲ್ಲ) ಎಂಬಂಥ ಕಾರಣ ಬರೆದಿರುತ್ತದೆ. ಸೆಂಡ್ ಎಂದಿದ್ದರೆ ಮುಂದಿನ ಸರ್ವರ್ ಅದನ್ನು ಒಪ್ಪಿಕೊಂಡಿದೆ ಎಂದಷ್ಟೇ ಅರ್ಥ. ಆ ಸರ್ವರ್ ಹೊರಗಿನದಾಗಿದ್ದರೆ ಅಲ್ಲಿನ ಆಡಳಿತಗಾರರಿಗೆ ಮೆಸೇಜ್ ಐಡಿ, ಯುಟಿಸಿ ಸಮಯ ಮತ್ತು ಅವರ ಸರ್ವರ್ ಕೊಟ್ಟ ಉತ್ತರದ ಸಾಲು, ಈ ಮೂರನ್ನೂ ಕಳುಹಿಸಿ. ಅಷ್ಟಿದ್ದರೆ ಅವರು ತಮ್ಮ ಲಾಗ್‌ನಲ್ಲಿ ಮುಂದಿನ ಜಾಡನ್ನು ಹಿಡಿಯಬಲ್ಲರು.